ದಿವ್ಯಾಯುಧ

ದಿವ್ಯಾಯುಧ ಅಥವಾ ಮಾಂತ್ರಿಕ ಆಯುಧ ಎಂದರೆ ಪುರಾಣ, ಮಹಾಕಾವ್ಯ, ಜನಪದ ಕಥೆ ಮತ್ತು ಆಧುನಿಕ ಅದ್ಭುತ ಕಥಾಸಾಹಿತ್ಯದಲ್ಲಿ ಬರುವ, ಅಲೌಕಿಕ ಶಕ್ತಿಯುಳ್ಳ ಆಯುಧ. ದೇವತೆಯ ವರ, ತಪಸ್ಸು, ಮಂತ್ರ, ಗುರುವಿನ ಉಪದೇಶ ಅಥವಾ ಒಂದು ಜೀವದ ತ್ಯಾಗ ಈ ಶಕ್ತಿಗೆ ಮೂಲವಾಗಿರುತ್ತದೆ. ಶಿವನ ತ್ರಿಶೂಲ, ವಿಷ್ಣುವಿನ ಸುದರ್ಶನ ಚಕ್ರ, ಇಂದ್ರನ ವಜ್ರ, ಅರ್ಜುನನ ಗಾಂಡೀವ ಮತ್ತು ಪರಶುರಾಮನ ಕೊಡಲಿ ಭಾರತೀಯ ಪರಂಪರೆಯ ಪ್ರಸಿದ್ಧ ದಿವ್ಯಾಯುಧಗಳು.

ಭಾರತೀಯ ಕಥನ ಪರಂಪರೆಯಲ್ಲಿ ದಿವ್ಯಾಯುಧಕ್ಕೆ ಶಕ್ತಿಯಷ್ಟೇ ಮುಖ್ಯವಾದುದು ಅದರ ಕಟ್ಟುಪಾಡು. ಆಯುಧವನ್ನು ಯಾರಿಂದ ಪಡೆಯಬೇಕು, ಯಾರ ಮೇಲೆ ಪ್ರಯೋಗಿಸಬಾರದು, ಎಷ್ಟು ಬಾರಿ ಬಳಸಬಹುದು, ಹಿಂತೆಗೆದುಕೊಳ್ಳುವುದು ಹೇಗೆ, ಬಳಸಿದವನು ತೆರಬೇಕಾದ ಬೆಲೆ ಏನು ಎಂಬ ಪ್ರಶ್ನೆಗಳ ಸುತ್ತಲೇ ಕಥೆ ಬೆಳೆಯುತ್ತದೆ. ಕರ್ನಾಟಕದಲ್ಲಿ ಈ ಪರಂಪರೆಯ ಕುರುಹುಗಳು ಮಲಪ್ರಭಾ ನದಿಯ ಕಣಿವೆಯಲ್ಲಿ ದಟ್ಟವಾಗಿವೆ. ಸವದತ್ತಿಯ ರೇಣುಕಾ ಯಲ್ಲಮ್ಮನ ಕ್ಷೇತ್ರ, ಬಾದಾಮಿಯ ಗುಹಾಲಯಗಳು, ಪಟ್ಟದಕಲ್ಲಿನ ದೇವಾಲಯಗಳು ಮತ್ತು ಪರಶುರಾಮನ ಕೊಡಲಿಯ ಐತಿಹ್ಯವನ್ನು ಉಳಿಸಿಕೊಂಡಿರುವ ಐಹೊಳೆ ಇದೇ ಕಣಿವೆಯಲ್ಲಿವೆ.

## ಪರಿಭಾಷೆ ಮತ್ತು ವರ್ಗೀಕರಣ

ಸಂಸ್ಕೃತ ಮತ್ತು ಕನ್ನಡ ಗ್ರಂಥಗಳಲ್ಲಿ ಆಯುಧಗಳನ್ನು ಸ್ಥೂಲವಾಗಿ ಶಸ್ತ್ರ ಮತ್ತು ಅಸ್ತ್ರ ಎಂದು ವಿಂಗಡಿಸುವುದುಂಟು. ಖಡ್ಗ, ಗದೆ, ಕೊಡಲಿಗಳಂತೆ ಕೈಯಲ್ಲಿ ಹಿಡಿದು ಹೊಡೆಯುವಂಥದು ಶಸ್ತ್ರ. ಬಾಣದಂತೆ ಎಸೆಯುವಂಥದು ಅಸ್ತ್ರ. ಮಹಾಕಾವ್ಯಗಳಲ್ಲಿ ಅಸ್ತ್ರ ಎಂಬ ಪದಕ್ಕೆ ಇನ್ನೊಂದು ವಿಶೇಷಾರ್ಥವಿದೆ. ಮಂತ್ರದಿಂದ ಒಬ್ಬ ದೇವತೆಯ ಶಕ್ತಿಯನ್ನು ಆವಾಹಿಸಿ ಬಿಡುವ ಆಯುಧವನ್ನು ಆ ದೇವತೆಯ ಹೆಸರಿನಿಂದಲೇ ಆಗ್ನೇಯಾಸ್ತ್ರ, ವಾರುಣಾಸ್ತ್ರ, ವಾಯವ್ಯಾಸ್ತ್ರ ಎಂದು ಕರೆಯಲಾಗುತ್ತದೆ. ಇಲ್ಲಿ ಬಾಣವು ಕೇವಲ ವಾಹಕ. ನಿಜವಾದ ಆಯುಧ ಮಂತ್ರ. ಆದ್ದರಿಂದ ಹುಲ್ಲುಕಡ್ಡಿಯೂ ಅಸ್ತ್ರವಾಗಬಲ್ಲುದು.

ಅಗ್ನಿಪುರಾಣದ ಧನುರ್ವೇದ ಭಾಗವು ಆಯುಧಗಳನ್ನು ಬಳಕೆಯ ರೀತಿಗೆ ಅನುಸಾರವಾಗಿ ಐದು ವರ್ಗಗಳಲ್ಲಿ ಇಡುತ್ತದೆ:

- ಯಂತ್ರಮುಕ್ತ: ಬಿಲ್ಲು ಮೊದಲಾದ ಸಾಧನದಿಂದ ಹಾರಿಸುವಂಥದು
- ಪಾಣಿಮುಕ್ತ: ಕೈಯಿಂದ ಎಸೆಯುವಂಥದು
- ಮುಕ್ತಸಂಧಾರಿತ: ಎಸೆದು ಮತ್ತೆ ಹಿಡಿದುಕೊಳ್ಳುವಂಥದು
- ಅಮುಕ್ತ: ಕೈಯಲ್ಲೇ ಇಟ್ಟುಕೊಂಡು ಬಳಸುವಂಥದು
- ಬಾಹುಯುದ್ಧ: ಆಯುಧವಿಲ್ಲದೆ ತೋಳಿನಿಂದಲೇ ನಡೆಸುವ ಕಾಳಗ

ಈ ವರ್ಗೀಕರಣದಲ್ಲಿ ಆಯುಧದ ಆಕಾರಕ್ಕಿಂತ ಅದು ಹಿಡಿದವನ ಕೈಯನ್ನು ಬಿಟ್ಟು ಹೋಗುತ್ತದೆಯೇ, ಹೋದರೆ ಮರಳಿ ಬರುತ್ತದೆಯೇ ಎಂಬುದು ಮುಖ್ಯವಾಗಿದೆ. ದಿವ್ಯಾಸ್ತ್ರಗಳ ಕಥೆಗಳಲ್ಲಿಯೂ ಇದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ.

## ರಚನೆಯ ಅಂಶಗಳು

ರಾಮಾಯಣ, ಮಹಾಭಾರತ ಮತ್ತು ಪುರಾಣಗಳಲ್ಲಿ ಬರುವ ದಿವ್ಯಾಯುಧಗಳನ್ನು ಹೋಲಿಸಿದಾಗ ಅವುಗಳ ರಚನೆಯಲ್ಲಿ ಕೆಲವು ಸಮಾನ ಅಂಶಗಳು ಕಂಡುಬರುತ್ತವೆ.

### ಮೂಲ

ದಿವ್ಯಾಯುಧವು ಯಾವುದರಿಂದ ಆದುದು ಎಂಬುದು ಅದರ ಸ್ವಭಾವವನ್ನು ನಿರ್ಧರಿಸುತ್ತದೆ. ವೃತ್ರಾಸುರನನ್ನು ಕೊಲ್ಲಲು ಬೇಕಾದ ವಜ್ರಾಯುಧವು ದಧೀಚಿ ಮಹರ್ಷಿಯ ಮೂಳೆಗಳಿಂದ ಆಯಿತು. ಅದಕ್ಕಾಗಿ ಆತನು ತನ್ನ ದೇಹವನ್ನೇ ಬಿಟ್ಟುಕೊಟ್ಟನು. ವಿಷ್ಣುಪುರಾಣದ ಪ್ರಕಾರ ಸೂರ್ಯನ ತೇಜಸ್ಸನ್ನು ತಾಳಲಾರದ ಪತ್ನಿ ಸಂಜ್ಞೆಗಾಗಿ ವಿಶ್ವಕರ್ಮನು ಆ ತೇಜಸ್ಸನ್ನು ಸಾಣೆ ಹಿಡಿದು ತಗ್ಗಿಸಿದನು. ಹಾಗೆ ಉದುರಿದ ಅಂಶದಿಂದ ವಿಷ್ಣುವಿನ ಚಕ್ರ, ಶಿವನ ತ್ರಿಶೂಲ ಮತ್ತು ಕಾರ್ತಿಕೇಯನ ಶಕ್ತ್ಯಾಯುಧಗಳನ್ನು ರೂಪಿಸಿದನು. ದೇವೀಮಹಾತ್ಮ್ಯೆಯಲ್ಲಿ ಶಿವನು ತನ್ನ ಶೂಲದಿಂದ ಇನ್ನೊಂದು ಶೂಲವನ್ನು, ವಿಷ್ಣುವು ತನ್ನ ಚಕ್ರದಿಂದ ಇನ್ನೊಂದು ಚಕ್ರವನ್ನು ತೆಗೆದು ದೇವಿಗೆ ಕೊಡುತ್ತಾರೆ. ಒಬ್ಬೊಬ್ಬರಾಗಿ ಸೋತ ದೇವತೆಗಳ ಶಕ್ತಿಯು ಒಂದೇ ದೇಹದಲ್ಲಿ ಸೇರಿದುದಕ್ಕೆ ದೇವಿಯ ಹಲವು ತೋಳುಗಳ ಆಯುಧಗಳೇ ಸಾಕ್ಷಿ.

### ಪಡೆಯುವ ಬಗೆ

ದಿವ್ಯಾಯುಧವನ್ನು ಕೊಳ್ಳುವುದಾಗಲಿ ಕದಿಯುವುದಾಗಲಿ ಈ ಕಥೆಗಳಲ್ಲಿ ವಿರಳ. ಅದು ಪರೀಕ್ಷೆಯ ನಂತರ ದೊರೆಯುತ್ತದೆ. ಮಹಾಭಾರತದ ವನಪರ್ವದಲ್ಲಿ ಅರ್ಜುನನು ಬೇಡನ ವೇಷದ ಶಿವನೊಡನೆ ಹೋರಾಡಿ, ಸೋತು, ಶರಣಾದ ಮೇಲೆಯೇ ಪಾಶುಪತಾಸ್ತ್ರವನ್ನು ಪಡೆಯುತ್ತಾನೆ. ಮೋಸದಿಂದ ಪಡೆದ ವಿದ್ಯೆ ಕೈಕೊಡುತ್ತದೆ ಎಂಬುದಕ್ಕೆ ಕರ್ಣನ ಕಥೆ ನಿದರ್ಶನ. ತನ್ನ ಹುಟ್ಟನ್ನು ಮರೆಮಾಚಿ ಪರಶುರಾಮನಿಂದ ಬ್ರಹ್ಮಾಸ್ತ್ರವನ್ನು ಕಲಿತ ಕರ್ಣನಿಗೆ, ಸಾವಿನ ಸಮಯದಲ್ಲಿ ಅದರ ಮಂತ್ರ ಮರೆತುಹೋಗಲಿ ಎಂದು ಗುರುವೇ ಶಾಪ ಕೊಡುತ್ತಾನೆ.

### ಪ್ರಯೋಗದ ಮಿತಿ

ಪಾಶುಪತಾಸ್ತ್ರವನ್ನು ಮನಸ್ಸು, ಕಣ್ಣು, ಮಾತು ಅಥವಾ ಬಿಲ್ಲಿನಿಂದ ಪ್ರಯೋಗಿಸಬಹುದು. ಆದರೆ ಅಲ್ಪಶಕ್ತಿಯವನ ಮೇಲೆ ಬಿಟ್ಟರೆ ಅದು ಜಗತ್ತನ್ನೇ ಸುಡುತ್ತದೆ ಎಂಬ ಎಚ್ಚರಿಕೆಯೊಡನೆ ಶಿವನು ಅದನ್ನು ಕೊಡುತ್ತಾನೆ. ಕವಚಕುಂಡಲಗಳಿಗೆ ಬದಲಾಗಿ ಇಂದ್ರನು ಕರ್ಣನಿಗೆ ಕೊಟ್ಟ ಶಕ್ತ್ಯಾಯುಧವನ್ನು ಒಮ್ಮೆ ಮಾತ್ರ ಬಳಸಬಹುದಾಗಿತ್ತು. ಅರ್ಜುನನಿಗೆಂದು ಕಾಪಾಡಿಕೊಂಡಿದ್ದ ಅದನ್ನು ಕರ್ಣನು ರಾತ್ರಿಯುದ್ಧದಲ್ಲಿ ಘಟೋತ್ಕಚನ ಮೇಲೆ ಬಿಡಬೇಕಾಗುತ್ತದೆ. ಆಯುಧವು ಗುರಿ ಮುಟ್ಟುತ್ತದೆ, ಘಟೋತ್ಕಚನು ಸಾಯುತ್ತಾನೆ. ಆದರೆ ಕರ್ಣನ ಕೊನೆಯ ಭರವಸೆಯೂ ಅಲ್ಲಿಗೇ ಮುಗಿಯುತ್ತದೆ. ಒಂದೇ ಬಾರಿ ಎಂಬ ಕಟ್ಟುಪಾಡು ಇಲ್ಲದಿದ್ದರೆ ಈ ಪ್ರಸಂಗಕ್ಕೆ ದುರಂತದ ತೂಕ ಬರುತ್ತಿರಲಿಲ್ಲ.

### ಉಪಸಂಹಾರ

ಬಿಟ್ಟ ಅಸ್ತ್ರವನ್ನು ಹಿಂದಕ್ಕೆ ಪಡೆಯುವ ವಿದ್ಯೆಗೆ ಉಪಸಂಹಾರ ಎಂದು ಹೆಸರು. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ರಾಮನಿಗೆ ಅನೇಕ ಅಸ್ತ್ರಗಳನ್ನು ಕೊಟ್ಟಾಗ, ರಾಮನು ಅವುಗಳ ಉಪಸಂಹಾರವನ್ನೂ ತಿಳಿಸಬೇಕೆಂದು ಕೇಳಿಕೊಳ್ಳುತ್ತಾನೆ.

ಮಹಾಭಾರತದ ಸೌಪ್ತಿಕಪರ್ವದಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವಿದೆ. ಅಶ್ವತ್ಥಾಮನು ಒಂದು ಹುಲ್ಲುಕಡ್ಡಿಗೆ ಬ್ರಹ್ಮಶಿರಾಸ್ತ್ರವನ್ನು ಆವಾಹಿಸಿ ಪಾಂಡವರ ಮೇಲೆ ಬಿಡುತ್ತಾನೆ. ಅರ್ಜುನನು ಅದೇ ಅಸ್ತ್ರವನ್ನು ಪ್ರತಿಯಾಗಿ ಬಿಡುತ್ತಾನೆ. ವ್ಯಾಸ ಮತ್ತು ನಾರದರು ನಡುವೆ ನಿಂತು ಎರಡನ್ನೂ ಹಿಂತೆಗೆದುಕೊಳ್ಳುವಂತೆ ಹೇಳಿದಾಗ ಸಂಯಮಿಯಾದ ಅರ್ಜುನನಿಗೆ ಅದು ಸಾಧ್ಯವಾಗುತ್ತದೆ, ಅಶ್ವತ್ಥಾಮನಿಗೆ ಸಾಧ್ಯವಾಗುವುದಿಲ್ಲ. ಅವನು ಅಸ್ತ್ರವನ್ನು ಪಾಂಡವ ಸ್ತ್ರೀಯರ ಗರ್ಭದ ಕಡೆಗೆ ತಿರುಗಿಸುತ್ತಾನೆ. ಇಬ್ಬರಿಗೂ ಅಸ್ತ್ರವನ್ನು ಕಲಿಸಿದ ಗುರು ದ್ರೋಣನೊಬ್ಬನೇ, ವ್ಯತ್ಯಾಸವಿರುವುದು ಹಿಡಿದವರಲ್ಲಿ.

### ಪ್ರತಿಕ್ರಿಯೆ

ಎದುರಿಲ್ಲದ ಆಯುಧವು ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಆದ್ದರಿಂದ ಪ್ರತಿಯೊಂದು ಅಸ್ತ್ರಕ್ಕೂ ಒಂದು ಪ್ರತ್ಯಸ್ತ್ರ ಅಥವಾ ಪಾರಾಗುವ ದಾರಿ ಇರುತ್ತದೆ. ಆಗ್ನೇಯಾಸ್ತ್ರವನ್ನು ವಾರುಣಾಸ್ತ್ರವು ತಣಿಸುತ್ತದೆ. ದ್ರೋಣಪರ್ವದಲ್ಲಿ ಬರುವ ನಾರಾಯಣಾಸ್ತ್ರವು ಎದುರಿಸಿದಷ್ಟೂ ಬಲಿಯುತ್ತದೆ. ರಥದಿಂದಿಳಿದು ಆಯುಧವನ್ನು ಕೆಳಗಿಡುವುದೊಂದೇ ಅದರಿಂದ ಉಳಿಯುವ ಮಾರ್ಗ ಎಂದು ಕೃಷ್ಣನು ಪಾಂಡವ ಸೇನೆಗೆ ತಿಳಿಸುತ್ತಾನೆ. ಶರಣಾಗಲು ಒಪ್ಪದ ಭೀಮನು ಅದಕ್ಕೆ ಸಿಲುಕುತ್ತಾನೆ. ಕೃಷ್ಣಾರ್ಜುನರು ಅವನನ್ನು ಬಲವಂತವಾಗಿ ರಥದಿಂದ ಇಳಿಸಿ ಕಾಪಾಡುತ್ತಾರೆ. ಆಯುಧದ ನಿಯಮವು ಪಾತ್ರದ ಸ್ವಭಾವವನ್ನು ಹೊರಗೆಡಹುವುದಕ್ಕೆ ಇದು ಉತ್ತಮ ಉದಾಹರಣೆ.

### ಅಂತ್ಯ

ಕೆಲಸ ಮುಗಿದ ಮೇಲೆ ಆಯುಧವು ಬಂದಲ್ಲಿಗೆ ಮರಳುತ್ತದೆ. ಖಾಂಡವವನದ ಪ್ರಸಂಗದಲ್ಲಿ ಅಗ್ನಿಯ ಮೂಲಕ ವರುಣನಿಂದ ಬಂದ ಗಾಂಡೀವವನ್ನು ಮಹಾಪ್ರಸ್ಥಾನದ ವೇಳೆ ಅರ್ಜುನನು ನೀರಿಗೆ ಒಪ್ಪಿಸುತ್ತಾನೆ. ಅದಕ್ಕೂ ಮೊದಲೇ, ಕೃಷ್ಣನ ನಿರ್ಯಾಣದ ನಂತರ ದ್ವಾರಕೆಯ ಸ್ತ್ರೀಯರನ್ನು ಕರೆತರುವಾಗ ದರೋಡೆಕಾರರು ಮುತ್ತಿದರೂ ಅವನಿಗೆ ಅಸ್ತ್ರಗಳು ನೆನಪಿಗೆ ಬರುವುದಿಲ್ಲ.

### ಕೆಲವು ಆಯುಧಗಳ ಹೋಲಿಕೆ

| ಆಯುಧ | ಮೂಲ | ಕಟ್ಟುಪಾಡು | ಪರಿಣಾಮ |
|---|---|---|---|
| ವಜ್ರ | ದಧೀಚಿಯ ಮೂಳೆ | ಒಂದು ಜೀವದ ತ್ಯಾಗವಿಲ್ಲದೆ ಆಗದು | ವೃತ್ರನ ವಧೆ |
| ಪಾಶುಪತಾಸ್ತ್ರ | ಶಿವ | ಅಲ್ಪಬಲನ ಮೇಲೆ ಬಿಡಬಾರದು | ಅರ್ಜುನನ ಸಂಯಮಕ್ಕೆ ಪರೀಕ್ಷೆ |
| ಕರ್ಣನ ಶಕ್ತಿ | ಇಂದ್ರ | ಒಂದೇ ಬಾರಿ | ಘಟೋತ್ಕಚನ ವಧೆ, ಅರ್ಜುನನ ಉಳಿವು |
| ನಾರಾಯಣಾಸ್ತ್ರ | ನಾರಾಯಣ | ಶರಣಾದವನನ್ನು ಕೊಲ್ಲದು | ಪಾಂಡವ ಸೇನೆಯ ಉಳಿವು |
| ಬ್ರಹ್ಮಶಿರಾಸ್ತ್ರ | ಗುರು ದ್ರೋಣ | ಸಂಯಮವಿಲ್ಲದವನು ಹಿಂಪಡೆಯಲಾರ | ಅಶ್ವತ್ಥಾಮನಿಗೆ ಕೃಷ್ಣನ ಶಾಪ |
| ಗಾಂಡೀವ | ವರುಣ | ಕಾಲ ಮುಗಿದಾಗ ಮರಳಿಸಬೇಕು | ನೀರಿಗೆ ಸಮರ್ಪಣೆ |

## ಪರಶುರಾಮನ ಕೊಡಲಿ ಮತ್ತು ಮಲಪ್ರಭೆ

ಪರಶು ಎಂದರೆ ಕೊಡಲಿ. ಭೃಗುವಂಶದ ಜಮದಗ್ನಿ ಮತ್ತು ರೇಣುಕೆಯರ ಮಗನಾದ ರಾಮನು ಶಿವನನ್ನು ತಪಸ್ಸಿನಿಂದ ಮೆಚ್ಚಿಸಿ ಕೊಡಲಿಯನ್ನು ಪಡೆದು ಪರಶುರಾಮನೆನಿಸಿದನು. ಕೊಡಲಿ ಮೂಲತಃ ಕಾಡು ಕಡಿಯುವ, ಸೌದೆ ಸೀಳುವ ಉಪಕರಣ. ಆಶ್ರಮದಲ್ಲಿ ಬೆಳೆದವನ ಕೈಯಲ್ಲಿ ಕ್ಷತ್ರಿಯರ ಖಡ್ಗಕ್ಕೆ ಬದಲಾಗಿ ಕೊಡಲಿ ಇರುವುದು ಅವನ ಪಾತ್ರಕ್ಕೆ ಹೊಂದುತ್ತದೆ.

### ರೇಣುಕೆಯ ಪ್ರಸಂಗ

ಮಹಾಭಾರತದ ವನಪರ್ವದ ಕಥೆಯಂತೆ, ರೇಣುಕೆಯ ಮನಸ್ಸು ಕ್ಷಣಕಾಲ ಚಂಚಲವಾಯಿತೆಂದು ಕೋಪಗೊಂಡ ಜಮದಗ್ನಿಯು ಅವಳ ತಲೆಯನ್ನು ಕಡಿಯುವಂತೆ ಮಕ್ಕಳಿಗೆ ಆಜ್ಞಾಪಿಸಿದನು. ಹಿರಿಯ ಮಕ್ಕಳು ಹಾಗೆ ಮಾಡದೆ ಶಾಪಕ್ಕೆ ಗುರಿಯಾದರು. ಪರಶುರಾಮನು ಕೊಡಲಿಯಿಂದ ತಾಯಿಯ ತಲೆಯನ್ನು ಕಡಿದನು. ಮೆಚ್ಚಿದ ತಂದೆ ವರ ಕೇಳೆಂದಾಗ ತಾಯಿ ಬದುಕಬೇಕು, ಕೊಲೆಯಾದ ನೆನಪು ಅವಳಿಗೆ ಉಳಿಯಬಾರದು, ಆ ಪಾಪ ತನಗೆ ತಟ್ಟಬಾರದು, ಅಣ್ಣಂದಿರು ಮೊದಲಿನಂತಾಗಬೇಕು ಎಂದು ಕೇಳಿಕೊಂಡನು. ಕೊಡಲಿಯು ಕಡಿದುದನ್ನು ಜೋಡಿಸುವ ಶಕ್ತಿ ಕೊಡಲಿಗಿಲ್ಲ. ಅದಕ್ಕೆ ಬೇರೊಂದು ವರವೇ ಬೇಕಾಯಿತು.

ಉತ್ತರ ಕರ್ನಾಟಕದಲ್ಲಿ ಈ ಕಥೆಯು ಬೆಳಗಾವಿ ಜಿಲ್ಲೆಯ ಸವದತ್ತಿಯ ಯಲ್ಲಮ್ಮನ ಗುಡ್ಡದೊಂದಿಗೆ ಬೆಸೆದುಕೊಂಡಿದೆ. ರೇಣುಕೆಯನ್ನು ಅಲ್ಲಿ ಯಲ್ಲಮ್ಮನೆಂದು ಪೂಜಿಸುತ್ತಾರೆ. ಅವಳು ನೀರು ತರುತ್ತಿದ್ದ ಹೊಳೆಯನ್ನು ಸ್ಥಳೀಯ ಐತಿಹ್ಯವು ಮಲಪ್ರಭೆಯೆಂದು ಗುರುತಿಸುತ್ತದೆ. ಕಡಿದವನ ಹೆಸರಿಗಿಂತ ಕಡಿಸಿಕೊಂಡವಳ ಹೆಸರಿನಲ್ಲಿ ಇಲ್ಲಿ ಕ್ಷೇತ್ರ ಬೆಳೆದಿರುವುದು ಗಮನಾರ್ಹ.

### ಐಹೊಳೆಯ ಐತಿಹ್ಯ

ಸಾವಿರ ತೋಳಿನ ಕಾರ್ತವೀರ್ಯಾರ್ಜುನನು ಆಶ್ರಮದ ಹಸುವಿನ ವಿಚಾರದಲ್ಲಿ ಎಸಗಿದ ಅನ್ಯಾಯಕ್ಕಾಗಿ ಪರಶುರಾಮನು ಅವನನ್ನು ಕೊಂದನು. ಪ್ರತಿಯಾಗಿ ಕಾರ್ತವೀರ್ಯನ ಮಕ್ಕಳು ಜಮದಗ್ನಿಯನ್ನು ಕೊಂದರು. ಆಗ ಪರಶುರಾಮನು ಇಪ್ಪತ್ತೊಂದು ಬಾರಿ ಭೂಮಿಯನ್ನು ಸುತ್ತಿ ಕ್ಷತ್ರಿಯರನ್ನು ಸಂಹರಿಸಿದನೆಂದು ಪುರಾಣಗಳು ಹೇಳುತ್ತವೆ.

ಆ ಸಂಹಾರದ ನಂತರ ಪರಶುರಾಮನು ರಕ್ತಸಿಕ್ತವಾದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನೆಂಬುದು ಹುನಗುಂದ ತಾಲ್ಲೂಕಿನ ಐಹೊಳೆಯ ಐತಿಹ್ಯ. ನೀರು ಕೆಂಪಾಗಿ ಹರಿದುದನ್ನು ಕಂಡ ಹೆಂಗಸೊಬ್ಬಳು ಬೆಚ್ಚಿ ‘ಅಯ್ಯೋ ಹೊಳೆ’ ಎಂದು ಕೂಗಿದಳು, ಅದರಿಂದಲೇ ಊರಿಗೆ ಐಹೊಳೆ ಎಂಬ ಹೆಸರು ಬಂತು ಎಂದು ಹೇಳಲಾಗುತ್ತದೆ. ಊರಿನ ಉತ್ತರಕ್ಕೆ ನದೀತೀರದಲ್ಲಿರುವ ಕೊಡಲಿಯಾಕಾರದ ಬಂಡೆಯನ್ನು ಈ ಕಥೆಗೆ ಸಾಕ್ಷಿಯೆಂದು ತೋರಿಸುವುದುಂಟು. ಅಲ್ಲಿಯ ಬಂಡೆಯೊಂದರ ಮೇಲಿನ ಗುರುತನ್ನು ಪರಶುರಾಮನ ಹೆಜ್ಜೆಯೆಂದು ಹೇಳುತ್ತಾರೆ.

ಇದು ಜನಪದ ವ್ಯುತ್ಪತ್ತಿ. ಶಾಸನಗಳಲ್ಲಿ ಊರಿನ ಹೆಸರು ಅಯ್ಯಾವೊಳೆ, ಆರ್ಯಪುರ ಎಂಬ ರೂಪಗಳಲ್ಲಿ ದೊರೆಯುತ್ತದೆ. ಮಧ್ಯಯುಗದಲ್ಲಿ ದಕ್ಷಿಣ ಭಾರತದಾದ್ಯಂತ ವ್ಯಾಪಾರ ನಡೆಸಿದ ‘ಅಯ್ಯಾವೊಳೆ ಐನೂರ್ವರು’ ಎಂಬ ವಣಿಕ ಸಂಘಕ್ಕೂ ಇದೇ ಊರಿನ ಹೆಸರಿದೆ.

ಐತಿಹ್ಯವಾಗಿ ನೋಡಿದಾಗ ಈ ಕಥೆಯ ವೈಶಿಷ್ಟ್ಯ ಅದರ ದೃಷ್ಟಿಕೋನದಲ್ಲಿದೆ. ಇಲ್ಲಿ ಕೊಡಲಿಯು ಯಾರನ್ನೂ ಕಡಿಯುತ್ತಿಲ್ಲ, ಅದನ್ನು ತೊಳೆಯಲಾಗುತ್ತಿದೆ. ಕಥೆಯನ್ನು ನೆನಪಿಟ್ಟುಕೊಂಡ ಮಾತು ವೀರನದಲ್ಲ, ನದಿಯ ಕೆಳಭಾಗದಲ್ಲಿ ನೀರಿಗೆ ಬಂದ ಹೆಂಗಸಿನದು. ಯುದ್ಧವು ಬೇರೆಲ್ಲೋ ನಡೆದಿದ್ದರೂ ಅದರ ಕಲೆಯು ಕುಡಿಯುವ ನೀರಿನವರೆಗೆ ಬಂದಿದೆ. ಆಯುಧದ ಬೆಲೆಯನ್ನು ಅದನ್ನು ಹಿಡಿಯದವರೂ ತೆರುತ್ತಾರೆ ಎಂಬ ಅರ್ಥ ಈ ಐತಿಹ್ಯದಲ್ಲಿ ಅಡಗಿದೆ.

### ನದಿಯ ಹಾದಿ

ಮಲಪ್ರಭೆಯು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುತ್ತದೆ. ಸವದತ್ತಿಯ ಪ್ರದೇಶವನ್ನು ದಾಟಿ ಬಾಗಲಕೋಟೆ ಜಿಲ್ಲೆಯನ್ನು ಪ್ರವೇಶಿಸಿ, ಬಾದಾಮಿಯ ಸಮೀಪದ ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆಗಳ ಬಳಿ ಸಾಗಿ ಕೂಡಲಸಂಗಮದಲ್ಲಿ ಕೃಷ್ಣಾ ನದಿಯನ್ನು ಸೇರುತ್ತದೆ. ಶಿವಯೋಗ ಮಂದಿರವು ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ವೀರಶೈವ ಸಾಧಕರ ಶಿಕ್ಷಣಕ್ಕಾಗಿ ಸ್ಥಾಪಿಸಿದ ಸಂಸ್ಥೆ. ರೇಣುಕೆಯ ಕಥೆ ನದಿಯ ಮೇಲ್ಭಾಗದಲ್ಲಿಯೂ ಕೊಡಲಿ ತೊಳೆದ ಕಥೆ ಕೆಳಭಾಗದಲ್ಲಿಯೂ ನೆಲೆಗೊಂಡಿರುವುದರಿಂದ ಒಂದೇ ಆಯುಧದ ಎರಡು ಪ್ರಸಂಗಗಳು ಒಂದೇ ನದಿಯುದ್ದಕ್ಕೂ ಹರಡಿಕೊಂಡಂತಾಗಿದೆ.

### ಕೊಡಲಿಯ ಇತರ ಕಥೆಗಳು

ಗೆದ್ದ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನ ಮಾಡಿದ ಪರಶುರಾಮನಿಗೆ ನಿಲ್ಲಲು ನೆಲವಿಲ್ಲದಾಯಿತು. ಆಗ ಅವನು ಪಶ್ಚಿಮ ಸಮುದ್ರದಿಂದ ಹೊಸ ನೆಲವನ್ನು ಪಡೆದನೆಂದು ಕಥೆಗಳು ಹೇಳುತ್ತವೆ. ಕೊಂಕಣ, ತುಳುನಾಡು ಮತ್ತು ಕೇರಳಗಳಲ್ಲಿ ಪ್ರಚಲಿತವಿರುವ ರೂಪಾಂತರಗಳಲ್ಲಿ ಅವನು ಕೊಡಲಿಯನ್ನು ಕಡಲಿಗೆ ಎಸೆದು ನೀರನ್ನು ಹಿಂದೆ ಸರಿಸುತ್ತಾನೆ. ಕರಾವಳಿಗೆ ‘ಪರಶುರಾಮ ಕ್ಷೇತ್ರ’ ಎಂಬ ಹೆಸರು ಬಂದಿರುವುದು ಇದರಿಂದ. ಒಳನಾಡಿನಲ್ಲಿ ಹೊಳೆಯನ್ನು ಕೆಂಪಾಗಿಸಿದ ಕೊಡಲಿಯೇ ಕರಾವಳಿಯಲ್ಲಿ ನೆಲವನ್ನು ಸೃಷ್ಟಿಸುತ್ತದೆ.

ಬ್ರಹ್ಮಾಂಡಪುರಾಣದಲ್ಲಿ ಪರಶುರಾಮನು ಶಿವನನ್ನು ಕಾಣಲು ಬಂದಾಗ ಗಣೇಶನು ಅವನನ್ನು ತಡೆಯುತ್ತಾನೆ. ಪರಶುರಾಮನು ಕೊಡಲಿಯನ್ನು ಎಸೆಯುತ್ತಾನೆ. ಅದು ತನ್ನ ತಂದೆ ಕೊಟ್ಟ ಆಯುಧ, ವ್ಯರ್ಥವಾಗಬಾರದು ಎಂದು ಗಣೇಶನು ಅದರ ಪೆಟ್ಟನ್ನು ತನ್ನ ದಂತದ ಮೇಲೆ ತೆಗೆದುಕೊಂಡು ಏಕದಂತನಾಗುತ್ತಾನೆ.

## ಶಿಲ್ಪದಲ್ಲಿ

ಪ್ರತಿಮೆಯೊಂದು ಯಾವ ದೇವತೆಯದೆಂದು ತಿಳಿಯಲು ಅದರ ಕೈಯಲ್ಲಿರುವ ಆಯುಧಗಳೇ ಮುಖ್ಯ ಗುರುತು. 6ರಿಂದ 8ನೆಯ ಶತಮಾನದವರೆಗೆ ಆಳಿದ ಬಾದಾಮಿ ಚಾಲುಕ್ಯರ ಕಾಲದ ಶಿಲ್ಪಗಳಲ್ಲಿ ಇದಕ್ಕೆ ಹೇರಳವಾದ ಉದಾಹರಣೆಗಳಿವೆ.

- ಬಾದಾಮಿಯ ಮೊದಲನೆಯ ಗುಹೆ: ಹದಿನೆಂಟು ಕೈಗಳ ನಟರಾಜನು ತ್ರಿಶೂಲ, ಕೊಡಲಿ, ಸರ್ಪ, ಡಮರು ಮೊದಲಾದವುಗಳನ್ನು ಹಿಡಿದಿದ್ದಾನೆ. ಕೊಲ್ಲುವ ಆಯುಧಗಳು ಇಲ್ಲಿ ನೃತ್ಯದ ಭಾಗವಾಗಿವೆ. ಅದೇ ಗುಹೆಯ ಹರಿಹರ ಶಿಲ್ಪದಲ್ಲಿ ಹರನ ಭಾಗದ ಕೈಯಲ್ಲಿ ಹಾವು ಸುತ್ತಿಕೊಂಡ ಪರಶು, ಹರಿಯ ಭಾಗದ ಕೈಯಲ್ಲಿ ಶಂಖವಿದೆ.
- ಬಾದಾಮಿಯ ಮೂರನೆಯ ಗುಹೆ: ಮಂಗಲೇಶನು 578ರಲ್ಲಿ ಪೂರ್ಣಗೊಳಿಸಿದ ಈ ವೈಷ್ಣವ ಗುಹೆಯಲ್ಲಿ ಎಂಟು ತೋಳಿನ ವಿಷ್ಣುವು ಚಕ್ರ, ಬಾಣ, ಗದೆ, ಖಡ್ಗ, ಶಂಖ, ಬಿಲ್ಲು, ಗುರಾಣಿ ಮುಂತಾದವುಗಳೊಂದಿಗೆ ನಿಂತಿದ್ದಾನೆ. ಇಲ್ಲಿಯೇ ನರಸಿಂಹನ ದೊಡ್ಡ ಶಿಲ್ಪವೂ ಇದೆ. ಆಯುಧಗಳಿಂದ ಸಾವಿಲ್ಲ ಎಂದು ವರ ಪಡೆದಿದ್ದ ಹಿರಣ್ಯಕಶಿಪುವನ್ನು ನರಸಿಂಹನು ಉಗುರಿನಿಂದ ಸೀಳಿದನು. ವರದ ಮಾತುಗಳಲ್ಲಿ ಸೇರದೆ ಉಳಿದುದೇ ಅಲ್ಲಿ ಆಯುಧವಾಯಿತು.
- ಐಹೊಳೆಯ ದುರ್ಗ ಗುಡಿ: ಪ್ರದಕ್ಷಿಣಾಪಥದ ಕೋಷ್ಠವೊಂದರಲ್ಲಿ ಬಹುಭುಜೆಯಾದ ಮಹಿಷಮರ್ದಿನಿ ಕೋಣನನ್ನು ತ್ರಿಶೂಲದಿಂದ ಇರಿಯುತ್ತಿದ್ದಾಳೆ. ಗುಡಿಯ ಹೆಸರು ದುರ್ಗಾದೇವಿಯಿಂದ ಬಂದುದಲ್ಲ. ಕೋಟೆ ಎಂಬ ಅರ್ಥದ ‘ದುರ್ಗ’ ಶಬ್ದದಿಂದ ಬಂದಿದೆ.
- ಪಟ್ಟದಕಲ್ಲು: 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯ ಸಮೂಹದ ಪಾಪನಾಥ ಗುಡಿಯ ಹೊರಗೋಡೆಗಳಲ್ಲಿ ರಾಮಾಯಣದ ದೃಶ್ಯಗಳೂ ಅರ್ಜುನನು ಪಾಶುಪತಾಸ್ತ್ರವನ್ನು ಪಡೆದ ಕಿರಾತಾರ್ಜುನೀಯದ ದೃಶ್ಯಗಳೂ ಇವೆ.

ಆಯುಧವನ್ನೇ ಮನುಷ್ಯರೂಪದಲ್ಲಿ ಕಡೆಯುವ ಪದ್ಧತಿಯೂ ಭಾರತೀಯ ಶಿಲ್ಪದಲ್ಲಿದೆ. ಇಂತಹ ಮೂರ್ತಿಗಳನ್ನು ಆಯುಧಪುರುಷ ಎನ್ನುತ್ತಾರೆ. ಚಕ್ರವನ್ನು ಪುರುಷನಾಗಿಯೂ ಗದೆಯನ್ನು ಸ್ತ್ರೀಯಾಗಿಯೂ ತೋರಿಸುವುದು ರೂಢಿ.

## ಕನ್ನಡ ಕಾವ್ಯದಲ್ಲಿ

ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದವನಾದ ರನ್ನನು (ಜನನ 949) ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿ ‘ಸಾಹಸಭೀಮವಿಜಯಂ’ ಅಥವಾ ‘ಗದಾಯುದ್ಧಂ’ ಎಂಬ ಚಂಪೂಕಾವ್ಯವನ್ನು ರಚಿಸಿದನು. ತನ್ನ ಆಶ್ರಯದಾತನಾದ ಸತ್ಯಾಶ್ರಯ ಇರಿವಬೆಡಂಗನನ್ನು ಅವನು ಭೀಮನೊಂದಿಗೆ ಸಮೀಕರಿಸಿದ್ದಾನೆ. ಭೀಮನ ಗದೆಗೆ ಪಾಶುಪತದಂತಹ ಮಂತ್ರಬಲವಿಲ್ಲ. ದ್ರೌಪದಿಯ ಅವಮಾನದ ದಿನ ಮಾಡಿದ ಪ್ರತಿಜ್ಞೆಯೇ ಅದರ ಬಲ. ಮಂತ್ರಬಲವಿರುವುದು ಎದುರಾಳಿಯ ಕಡೆಗೆ: ದುರ್ಯೋಧನನು ಜಲಸ್ತಂಭ ಮಂತ್ರದಿಂದ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಅವನನ್ನು ಹೊರಗೆ ತರುವುದು ಪ್ರತಿಮಂತ್ರವಲ್ಲ, ಭೀಮನ ಗರ್ಜನೆ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ತೊಡೆಯನ್ನು ಮುರಿಯುವೆನೆಂಬುದು ಭೀಮನ ಪ್ರತಿಜ್ಞೆ. ಎರಡನ್ನೂ ಒಟ್ಟಿಗೆ ಪಾಲಿಸಲಾಗದು. ಮಹಾಭಾರತದಲ್ಲಿ ಬಲರಾಮನು ಭೀಮನ ಮೇಲೆ ಕೋಪಗೊಳ್ಳುವುದು ಈ ಕಾರಣಕ್ಕಾಗಿಯೇ.

ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯು ಭಾರತದ ಕಥೆಯನ್ನು ಗದಾಪರ್ವದವರೆಗೆ ಹತ್ತು ಪರ್ವಗಳಲ್ಲಿ ಹೇಳುತ್ತದೆ. ಕಿರಾತಾರ್ಜುನರ ಕಾಳಗ, ಪಾಶುಪತದ ಪ್ರಾಪ್ತಿ ಹಾಗೂ ಯುದ್ಧಪರ್ವಗಳ ಅಸ್ತ್ರಗಳ ಪ್ರಸಂಗಗಳು ಕನ್ನಡ ನಾಡಿನಲ್ಲಿ ಗಮಕಿಗಳ ಮೂಲಕ ಮನೆಮಾತಾದುದು ಈ ಕಾವ್ಯದಿಂದ.

ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಬರುವ ಜ್ವಾಲೆಯ ಕಥೆ ಆಯುಧದ ಹುಟ್ಟಿಗೆ ಸಂಬಂಧಿಸಿದಂತೆ ವಿಶಿಷ್ಟವಾದುದು. ಅರ್ಜುನನೊಡನೆ ಸಂಧಿ ಮಾಡಿಕೊಂಡ ನೀಲಧ್ವಜನ ಪತ್ನಿಯಾದ ಜ್ವಾಲೆಯು ಸೇಡಿನಿಂದ ಗಂಗೆಯನ್ನು ಕೆರಳಿಸಿ ಅರ್ಜುನನಿಗೆ ಸಾವಿನ ಶಾಪ ಬರುವಂತೆ ಮಾಡುತ್ತಾಳೆ. ಬಳಿಕ ಬೆಂಕಿಗೆ ಬಿದ್ದು ಬಾಣವಾಗಿ ಬಭ್ರುವಾಹನನ ಬತ್ತಳಿಕೆಯನ್ನು ಸೇರುತ್ತಾಳೆ. ತಂದೆಯೊಡನೆ ಕಾದುವ ಬಭ್ರುವಾಹನನು ಅದೇ ಬಾಣದಿಂದ ಅರ್ಜುನನ ತಲೆಯನ್ನು ಕೆಡಹುತ್ತಾನೆ. ದಧೀಚಿಯು ಲೋಕಹಿತಕ್ಕಾಗಿ ಆಯುಧವಾದರೆ ಜ್ವಾಲೆಯು ದ್ವೇಷಕ್ಕಾಗಿ ಆಯುಧವಾಗುತ್ತಾಳೆ. ಅರ್ಜುನನನ್ನು ಬದುಕಿಸಲು ನಾಗಲೋಕದಿಂದ ಸಂಜೀವಕ ಮಣಿಯನ್ನು ತರಬೇಕಾಗುತ್ತದೆ. ಈ ಕಥೆಯನ್ನು ಆಧರಿಸಿದ, ಡಾ. ರಾಜ್‌ಕುಮಾರ್ ಅಭಿನಯದ ‘ಬಭ್ರುವಾಹನ’ ಚಲನಚಿತ್ರ 1977ರಲ್ಲಿ ತೆರೆಕಂಡಿತು.

## ಆಚರಣೆ ಮತ್ತು ಪ್ರದರ್ಶನ ಕಲೆಗಳಲ್ಲಿ

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಅಡಗಿಸಿಟ್ಟರೆಂಬ ವಿರಾಟಪರ್ವದ ಕಥೆ ಕರ್ನಾಟಕದಲ್ಲಿ ನವರಾತ್ರಿಯ ಆಚರಣೆಯೊಂದಿಗೆ ಸೇರಿಕೊಂಡಿದೆ. ಮಹಾನವಮಿಯಂದು ಆಯುಧಪೂಜೆ ನಡೆಯುತ್ತದೆ. ಇದನ್ನು ಉತ್ತರ ಕರ್ನಾಟಕದಲ್ಲಿ ಖಂಡೆ ಪೂಜೆ ಎಂದೂ ಕರೆಯುತ್ತಾರೆ. ವಿಜಯದಶಮಿಯಂದು ಶಮಿಯ ಅಂದರೆ ಬನ್ನಿಯ ಎಲೆಗಳನ್ನು ಬಂಗಾರವೆಂದು ಹಂಚಿಕೊಂಡು ಹಿರಿಯರಿಗೆ ನಮಸ್ಕರಿಸುತ್ತಾರೆ. ಖಡ್ಗಕ್ಕೆ ಸಲ್ಲುತ್ತಿದ್ದ ಪೂಜೆ ಇಂದು ನೇಗಿಲು, ಮಗ್ಗ, ತಕ್ಕಡಿ, ವಾಹನ, ಯಂತ್ರಗಳಿಗೂ ಸಲ್ಲುತ್ತದೆ.

ದಕ್ಷಯಜ್ಞವನ್ನು ಧ್ವಂಸ ಮಾಡಿದ ವೀರಭದ್ರನ ಪರಂಪರೆಯ ಪುರವಂತರು ಉತ್ತರ ಕರ್ನಾಟಕದ ಜಾತ್ರೆ ಮತ್ತು ಮೆರವಣಿಗೆಗಳಲ್ಲಿ ಕೈಯಲ್ಲಿ ಖಡ್ಗ ಹಿಡಿದು ಒಡಪುಗಳನ್ನು ಹೇಳುತ್ತಾರೆ. ಹರಕೆಯ ಅಂಗವಾಗಿ ಶಸ್ತ್ರವನ್ನು ಕೆನ್ನೆ ಅಥವಾ ನಾಲಿಗೆಗೆ ಚುಚ್ಚಿಕೊಳ್ಳುವ ಪದ್ಧತಿಯೂ ಇದೆ. ಇಲ್ಲಿ ಶಸ್ತ್ರವು ಶತ್ರುವಿನ ಕಡೆಗೆ ಹೋಗದೆ ಭಕ್ತನ ದೇಹದ ಮೇಲೆಯೇ ಪ್ರಯೋಗವಾಗುತ್ತದೆ.

ಯಕ್ಷಗಾನ ಮತ್ತು ದೊಡ್ಡಾಟಗಳಲ್ಲಿ ದಿವ್ಯಾಸ್ತ್ರವನ್ನು ಪ್ರತ್ಯಕ್ಷವಾಗಿ ತೋರಿಸುವ ಸಾಧನಗಳಿಲ್ಲ. ಹಾಡು, ಮಾತು, ಹೆಜ್ಜೆ ಮತ್ತು ಮದ್ದಳೆಯ ಪೆಟ್ಟಿನಿಂದಲೇ ಪ್ರೇಕ್ಷಕರು ಅಸ್ತ್ರದ ಬಲವನ್ನು ಕಲ್ಪಿಸಿಕೊಳ್ಳುತ್ತಾರೆ. 1980ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಪ್ರಸಾರವಾದ ‘ರಾಮಾಯಣ’ ಮತ್ತು ‘ಮಹಾಭಾರತ’ ಧಾರಾವಾಹಿಗಳು ಆಕಾಶದಲ್ಲಿ ಡಿಕ್ಕಿಯಾಗುವ ಬಾಣಗಳ ಚಿತ್ರವನ್ನು ಜನಪ್ರಿಯಗೊಳಿಸಿದವು.

## ಇತರ ಪರಂಪರೆಗಳು ಮತ್ತು ಆಧುನಿಕ ಅದ್ಭುತ ಸಾಹಿತ್ಯ

ಬೇರೆ ನಾಡುಗಳ ಕಥೆಗಳಲ್ಲಿಯೂ ಇದೇ ಬಗೆಯ ಕಟ್ಟುಪಾಡುಗಳಿವೆ. ನಾರ್ಸ್ ಪುರಾಣದ ಥಾರ್ ದೇವತೆಯ ಸುತ್ತಿಗೆ ಮ್ಯೋಲ್ನಿರ್ ಎಸೆದರೆ ಮರಳಿ ಕೈಗೆ ಬರುತ್ತದೆ. ಆದರೆ ಅದನ್ನು ತಯಾರಿಸುವಾಗ ಲೋಕಿಯು ಉಂಟುಮಾಡಿದ ಅಡ್ಡಿಯಿಂದ ಅದರ ಹಿಡಿ ಗಿಡ್ಡವಾಗಿ ಉಳಿದಿದೆ. ಬ್ರಿಟನ್ನಿನ ಆರ್ಥರ್ ರಾಜನ ಎಕ್ಸ್‌ಕ್ಯಾಲಿಬರ್ ಖಡ್ಗಕ್ಕಿಂತ ಅದರ ಒರೆಯೇ ಹೆಚ್ಚು ಬೆಲೆಯುಳ್ಳದ್ದು. ಒರೆಯನ್ನು ಧರಿಸಿದವನಿಗೆ ಗಾಯದಿಂದ ರಕ್ತ ಹರಿಯುವುದಿಲ್ಲ. ಆರ್ಥರನ ಅಂತ್ಯಕಾಲದಲ್ಲಿ ಆ ಖಡ್ಗವೂ ಗಾಂಡೀವದಂತೆ ನೀರಿಗೆ ಮರಳುತ್ತದೆ.

ಜೆ. ಆರ್. ಆರ್. ಟೋಲ್ಕೀನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಮುರಿದುಹೋದ ನಾರ್ಸಿಲ್ ಖಡ್ಗವನ್ನು ಮತ್ತೆ ಬೆಸೆದು ಆಂಡೂರಿಲ್ ಎಂದು ಹೆಸರಿಡುತ್ತಾರೆ. ಖಡ್ಗದೊಡನೆ ಅರಸುಮನೆತನದ ಹಕ್ಕೂ ಮರಳುತ್ತದೆ. ಮೈಕಲ್ ಮೂರ್‌ಕಾಕ್ ಅವರ ಎಲ್ರಿಕ್ ಕಥೆಗಳಲ್ಲಿ ಸ್ಟಾರ್ಮ್‌ಬ್ರಿಂಗರ್ ಎಂಬ ಖಡ್ಗವು ಕೊಂದವರ ಆತ್ಮವನ್ನು ಹೀರಿ ಒಡೆಯನಿಗೆ ಬಲ ಕೊಡುತ್ತದೆ. ಅವನ ಆಪ್ತರನ್ನೂ ಬಿಡದೆ ಕೊನೆಗೆ ಅವನನ್ನೇ ಕೊಲ್ಲುತ್ತದೆ. ಅಮೆರಿಕದ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರು ಕಾಲ್ಪನಿಕ ಲೋಕದ ಮಾಂತ್ರಿಕತೆಯ ಕುರಿತು ರೂಪಿಸಿದ ಸೂತ್ರಗಳಲ್ಲಿ ಒಂದು, ಶಕ್ತಿಗಿಂತ ಮಿತಿಯೇ ಕಥೆಗೆ ಹೆಚ್ಚು ಉಪಯುಕ್ತವೆಂದು ಹೇಳುತ್ತದೆ.

1974ರಲ್ಲಿ ಪ್ರಕಟವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟವು ಮಾಂತ್ರಿಕ ಆಯುಧದ ಶಕ್ತಿಯನ್ನು ಅಂಕಿಗಳಲ್ಲಿ ಅಳೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಗಣಕಯಂತ್ರದ ಆಟಗಳು ಇದನ್ನೇ ಮುಂದುವರಿಸಿದವು. ಅಂಕಿಯಿಂದ ಆಟದ ಸಮತೋಲನವನ್ನು ಕಾಯಬಹುದು. ಆದರೆ ಆಯುಧದ ಹಿಂದಿನ ಕಥೆ, ಪ್ರತಿಜ್ಞೆ ಮತ್ತು ಬೆಲೆಗಳು ಅಂಕಿಗೆ ಸಿಗುವುದಿಲ್ಲ.

## ಕಥನದಲ್ಲಿ ರಚನಾಕ್ರಮ

ಮೇಲಿನ ಪರಂಪರೆಗಳನ್ನು ಆಧರಿಸಿ, ಕಾಲ್ಪನಿಕ ಲೋಕವೊಂದಕ್ಕೆ ಆಯುಧವನ್ನು ರೂಪಿಸುವಾಗ ಪರಿಶೀಲಿಸಬೇಕಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

1. ಆಯುಧವು ಯಾವುದರಿಂದ, ಯಾರ ತ್ಯಾಗ ಅಥವಾ ದ್ವೇಷದಿಂದ ಹುಟ್ಟಿತು?
2. ಅದನ್ನು ಹಿಡಿದವನ ಹಿನ್ನೆಲೆಗೂ ಆಯುಧದ ರೂಪಕ್ಕೂ ಏನು ಸಂಬಂಧ?
3. ಪಡೆಯುವ ಮೊದಲು ಯಾವ ಪರೀಕ್ಷೆಯನ್ನು ದಾಟಬೇಕು?
4. ಯಾರ ಮೇಲೆ, ಎಷ್ಟು ಬಾರಿ, ಯಾವಾಗ ಪ್ರಯೋಗಿಸಬಾರದು?
5. ಹಿಂತೆಗೆದುಕೊಳ್ಳಲು ಸಾಧ್ಯವೇ, ಅದಕ್ಕೆ ಬೇಕಾದ ಗುಣ ಯಾವುದು?
6. ಎದುರಾಳಿಗೆ ಪಾರಾಗುವ ದಾರಿ ಏನು?
7. ಕಥೆ ಮುಗಿದಾಗ ಆಯುಧ ಎಲ್ಲಿಗೆ ಹೋಗುತ್ತದೆ?
8. ಯುದ್ಧದಲ್ಲಿ ಪಾಲ್ಗೊಳ್ಳದವರ ಮೇಲೆ ಅದರ ಪರಿಣಾಮವೇನು?

ಈ ಪಟ್ಟಿಯ ಕೊನೆಯ ಪ್ರಶ್ನೆಯನ್ನು ಕೇಳುವ ಕಥೆಗಳು ಕಡಿಮೆ. ಐಹೊಳೆಯ ಐತಿಹ್ಯವು ಅಂತಹ ಕೆಲವೇ ಕಥೆಗಳಲ್ಲಿ ಒಂದು.

## ಇವನ್ನೂ ನೋಡಿ

- ಪರಶುರಾಮ
- ಐಹೊಳೆ
- ಬಾದಾಮಿ ಗುಹಾಲಯಗಳು
- ಮಲಪ್ರಭಾ ನದಿ
- ಶಿವಯೋಗ ಮಂದಿರ
- ಗದಾಯುದ್ಧಂ
- ಆಯುಧಪೂಜೆ